ಒಂದು ಅಡುಗೆಮನೆಗೆ ಎರಡು ಬಾಗಿಲು

ನವುಲೆಯಲ್ಲಿ ನಾವು ಕಟ್ಟುತ್ತಿದ್ದ ಮನೆಯ ಪ್ಲ್ಯಾನು ಕಾಗದದ ಮೇಲಲ್ಲ, ಆ್ಯಪ್‌ನಲ್ಲಿತ್ತು. ಮನೆಯವರು ಕೂತಲ್ಲಿಂದಲೇ ಅದನ್ನ ತಿದ್ದಬಹುದಿತ್ತು. ಬೆಳಿಗ್ಗೆ ಯಜಮಾನರು ಭದ್ರಾವತಿಯ ಆಫೀಸಿಂದ ಅಡುಗೆಮನೆ ಬಾಗಿಲನ್ನ ವಾಸ್ತು ಅಂತ ಪೂರ್ವಕ್ಕೆ ಎಳೆಯೋರು. ಮಧ್ಯಾಹ್ನ ಅವರ ಹೆಂಡತಿ ಮನೆಯಿಂದ ಅದನ್ನ ಹಾಲ್ ಕಡೆಗೆ ತಳ್ಳೋರು. ನಮ್ಮ ಮೇಸ್ತ್ರಿ ಬಷೀರ್ ಚಾಚಾ ಕಟ್ಟಿದ ಗೋಡೆಯನ್ನ ಆಗಲೇ ಎರಡು ಸಲ ಒಡೆದಿದ್ದರು.

"ಇನ್ನೊಂದ್ಸಲ ಒಡಿ ಅಂದ್ರೆ ನನ್ನ ಗಾರೆಯವರು ಆಯನೂರು ಕೆಲಸಕ್ಕೆ ಹೋಗ್ಬಿಡ್ತಾರೆ ಮಾರಾಯ. ಇಬ್ರೂ ಓಕೆ ಒತ್ತೋ ಹಾಗೆ ಏನಾದ್ರೂ ಮಾಡು," ಅಂತ ಸೈಟಿನ ಫೋನನ್ನ ನನ್ನ ಕೈಗಿಟ್ಟರು.

ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದವನು. ಆದರೂ ಅದೇ ಪ್ಲ್ಯಾನಿನಲ್ಲಿ ಪೂರ್ವಕ್ಕೊಂದು, ಹಾಲ್ ಕಡೆಗೊಂದು ಬಾಗಿಲು ಹಾಕಿ ಇಬ್ಬರಿಗೂ ಕಳಿಸಿದೆ. ಇಬ್ಬರೂ ತಂತಮ್ಮ ಬಾಗಿಲು ಕಂಡ ಕೂಡಲೇ ಓಕೆ ಒತ್ತಿಬಿಟ್ಟರು.

"ಇನ್ನೊಂದು ಬಾಗಿಲು ನೋಡಲೇ ಇಲ್ವೇನೋ?" ಅಂದರು ಚಾಚಾ.

"ಗೆದ್ದೋರು ಯಾಕೆ ಪಕ್ಕಕ್ಕೆ ನೋಡ್ತಾರೆ ಚಾಚಾ," ಅಂದೆ.

ಮನೆ ಮುಗಿಯಿತು. ಈಗ ಅಡುಗೆಮನೆಯಲ್ಲಿ ಫ್ರಿಜ್ ಇಡೋಕೆ ಗೋಡೆಯೇ ಇಲ್ಲ ಅಂತ ಗಂಡ ಹೆಂಡತಿ ಸೇರಿ ಅದೇ ಆ್ಯಪ್‌ನಲ್ಲಿ ದೂರು ಹಾಕಿದ್ದಾರೆ. ಆ ಮನೆ ವಿಷಯದಲ್ಲಿ ಇಬ್ಬರದೂ ಒಂದೇ ಮಾತಾಗಿದ್ದು ಇದೇ ಮೊದಲು. ಅಷ್ಟು ಮಾಡಿಸಿದ್ದಕ್ಕೆ ನನಗೊಂದು ಟೀ ಕೂಡ ಯಾರೂ ಕೊಡಿಸಲಿಲ್ಲ.