ನಲ್ಲಿ ಹತ್ರ ಕಲಿತ ಐದು ಪದ

ಅವತ್ತು ಜ್ವರಕ್ಕೆ ಕೂತಿದ್ದ ಹುಳಕ್ಕೆ ನಾನು ಸೊಪ್ಪು ಹಾಕಿಬಿಟ್ಟೆ. ರೇಷ್ಮೆ ಹುಳ ಪೊರೆ ಬಿಡೋಕೆ ಮುಂಚೆ ಬಾಯಿ ಕಟ್ಕೊಂಡು, ತಲೆ ಎತ್ಕೊಂಡು, ಒಂದು ದಿನ ಅಲ್ಲಾಡದಂಗೆ ಕೂತಿರುತ್ತೆ. ಅದಕ್ಕೆ ನಾವು ಜ್ವರ ಅಂತೀವಿ. ಆಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಕೊಳ್ಳೇಗಾಲದ ಸುತ್ತ ಹುಳ ಸಾಕೋ ಮನೇಲಿ ಬೆಳೆದ ಯಾವ ಹೆಣ್ಣಿಗೂ ಇದು ಗೊತ್ತು. ಬೆಳಗ್ಗೆ ಸುಣ್ಣ ಉದುರಿಸಿದವಳು ನಾನೇ. ಮಧ್ಯಾಹ್ನ ಒಂದು ಹೊರೆ ಸೊಪ್ಪು ತಂದು ಅದರ ಮೇಲೆ ಹರಡಿದವಳೂ ನಾನೇ.

"ಅತ್ತೆ, ಇದೇನ್ ಮಾಡಿದ್ರಿ?" ಅಂದಳು ಸೊಸೆ.

"ಕಣ್ಣು ಕಾಣಲ್ವಾ? ಸೊಪ್ಪು ಹಾಕ್ದೆ."

"ಜ್ವರಕ್ಕೆ ಕೂತವೆ ಅಂತ ಬೆಳಗ್ಗೆ ನೀವೇ ಯೋಳಿದ್ರಿ ಕಣತ್ತೆ."

ಹೇಳಿದ್ದು ನಂಗೆ ನೆನಪೇ ಇರಲಿಲ್ಲ. ಇಬ್ಬರೂ ಕೂತು ಒಂದೊಂದೇ ಎಲೆ ಎತ್ತಿ ತೆಗೆದ್ವಿ. ಸಾಮಾನ್ಯಕ್ಕೆ ಬಾಯಿ ಮುಚ್ಚದವಳು ಅವಳು. ಅವತ್ತು ಒಂದು ಮಾತೂ ಆಡಲಿಲ್ಲ. ಆಗ ನಂಗೆ ಅಕ್ಕ ನೆನಪಾದಳು.

ನನ್ನ ಅಕ್ಕನ್ನ ಯಳಂದೂರು ಕಡೆಗೆ ಕೊಟ್ಟಿದ್ರು. ಅವಳಿಗೂ ಹಿಂಗೇ ಶುರುವಾಗಿದ್ದು. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಹೆತ್ತ ಮಗನ್ನೇ ಯಾರಪ್ಪ ನೀನು ಅಂದಳು. ಕಡೆಗೆ ಮನೆಯವರು ಹೊರಗಡೆ ಚಿಲಕ ಹಾಕಿ ಗದ್ದೆಗೆ ಹೋಗೋರು. ಅವರನ್ನೂ ಬೈಯ್ಯಕ್ಕಾಗಲ್ಲ, ಹೊಟ್ಟೆಪಾಡು ನಡೀಬೇಕಲ್ಲ. ನಾನು ನೋಡಕ್ಕೆ ಹೋದಾಗ ಕಿಟಕಿ ಕಂಬಿ ಹಿಡ್ಕೊಂಡು, "ಅವ್ವಾ, ಬಾಗ್ಲು ತಗಿಯವ್ವಾ" ಅಂತ ನನ್ನ ಕರೆದಳು. ನಾನು ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳು ಸತ್ತಾಗ ನಾನು ಅಳಲಿಲ್ಲ. ಮುಂದಿನ ಸರದಿ ನಂದೇನೋ ಅಂತ ಹೆದರಿ ಕೂತಿದ್ದೆ.

ಅದೇ ವಾರ ಮೈಸೂರಿನಿಂದ ಹುಡುಗೀರು ಕಾಗದ ತಕ್ಕೊಂಡು ನಮ್ಮೂರಿಗೆ ಬಂದರು. ವಯಸ್ಸಾದವರ ನೆನಪು ನೋಡ್ತಾರಂತೆ, ಏನೋ ಸಂಶೋಧನೆಯಂತೆ. ಅಂಗನವಾಡೀಲಿ ಕೂತು ಒಬ್ಬೊಬ್ಬರನ್ನೇ ಕರೆದು ಕೇಳೋರು.

"ಓಗಿ ತೋರಿಸ್ಬುಡಿ ಅತ್ತೆ," ಅಂದಳು ಸೊಸೆ. "ಅಲ್ಲೀಗಂಟ ಹುಳದ ಮನೆಗೆ ಒಬ್ಬರೇ ಓಗ್ಬೇಡಿ."

ನಲವತ್ತು ವರ್ಷ ಆ ಹುಳದ ಮನೆ ನೋಡ್ಕೊಂಡವಳು ನಾನು. ಇವತ್ತು ಹುಳದ ಮನೆ ಬೇಡ ಅಂದೋಳು ನಾಳೆ ಒಲೆ ಬೇಡ ಅಂತಾಳೆ, ಆಮೇಲೆ ಬಾಗಿಲಿಗೆ ಚಿಲಕ. ಹೆಂಗಾದ್ರೂ ಮಾಡಿ ಪಾಸಾಗಲೇಬೇಕು ಅಂತ ತೀರ್ಮಾನ ಮಾಡ್ದೆ.

ಪಾಸಾಗೋ ದಾರಿ ನಲ್ಲಿ ಹತ್ರ ಸಿಕ್ತು. ನಮ್ಮೂರಲ್ಲಿ ಯಾವ ಆಫೀಸಿನೋರು ಬಂದರೂ ಮೊದಲು ಹೋದೋರು ಆಮೇಲೆ ಹೋಗೋರಿಗೆ ಎಲ್ಲಾ ಹೇಳಿಕೊಡ್ತಾರೆ. ರೇಷನ್ ಕಾರ್ಡಿಗೆ ಬರಲಿ, ಪೆನ್ಷನ್ನಿಗೆ ಬರಲಿ, ಏನು ಕೇಳ್ತಾರೆ, ಏನು ಅನ್ನಬೇಕು, ಎಲ್ಲಾ ಬಾಯಿಪಾಠ. ಅದು ಮೋಸ ಅಂತ ಯಾರಿಗೂ ಅನ್ಸಲ್ಲ. ಹೇಳಿಕೊಡದೆ ಇದ್ದೋಳೇ ಕೆಟ್ಟೋಳು. ಪಕ್ಕದ ಮನೆಯವಳು ಪರೀಕ್ಷೆ ಮುಗಿಸಿ ಬಿಂದಿಗೆ ಹಿಡ್ಕೊಂಡು ಬಂದಿದ್ದಳು.

"ಐದು ಪದ ಯೋಳ್ತಾರೆ ಕಣಕ್ಕ. ಬ್ಯಾರೆ ಏನೇನೋ ಕೇಳಿ, ಆಮೇಲೆ ಅದೇ ಐದನ್ನ ವಾಪಸ್ ಕೇಳ್ತಾರೆ. ಕುದುರೆ, ಕತ್ತರಿ, ಬಾಳೆಹಣ್ಣು, ಮಳೆ, ಹಸಿರು. ಗಡಿಯಾರ ಬರಿ ಅಂತಾರೆ, ಹನ್ನೊಂದು ಗಂಟೆ ಹತ್ತು ನಿಮಿಷ."

"ನಿಂಗೆ ಎಷ್ಟು ಬಂತು?"

"ಮೂರು. ನನ್ನ ಗಂಡಂಗೆ ಎರಡೇ. ಅವನಿಗೆ ಮದ್ವೆಯಾದ ದಿನದಿಂದ್ಲೂ ಎರಡೇ, ಬುಡು."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಬಾಯಲ್ಲಿ ಪದ ಹೇಳ್ಕೊಳ್ತಾ ಇದ್ದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮನೆಗೆ ಬಂದು ನೆಲದ ಮೇಲೆ ಸುಣ್ಣದ ಪುಡಿ ಹರಡಿ, ಬೆರಳಲ್ಲಿ ಗಡಿಯಾರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಎರಡು ದಿನ ಅದೇ ಕೆಲಸ.

ನನ್ನ ಸರದಿ ಬಂತು. ಕನ್ನಡಕದ ಹುಡುಗಿ ಮೆಲ್ಲಗೆ ಹೇಳಿದಳು, "ಅಜ್ಜಿ, ಕಿಟಕಿ, ಬೆಲ್ಲ, ಚಪ್ಪಲಿ, ಕಾಗೆ, ಹಳದಿ."

ಇವು ಯಾವುವು? ಬಾಯಿ ಬಿಟ್ಟು ಕೇಳೋ ಹಂಗಿಲ್ಲ. ಗಡಿಯಾರ ಬರೀರಿ, ಮೂರೂವರೆ ತೋರಿಸಿ ಅಂದಳು. ನನ್ನ ಕೈ ತಾನಾಗೇ ಹನ್ನೊಂದು ಹತ್ತು ತೋರಿಸ್ತು. ತಾರೀಕು ಕೇಳಿದಳು. ಹುಳ ನಾಲ್ಕನೇ ಜ್ವರದಿಂದ ಎದ್ದು ಎರಡು ದಿನ ಅಂದೆ. ಅವಳು ಏನೋ ಬರೆದುಕೊಂಡಳು. ಕಡೆಗೆ ಐದು ಪದ ಹೇಳಿ ಅಂದಾಗ, "ಕುದುರೆ, ಕತ್ತರಿ, ಬೆಲ್ಲ, ಮಳೆ..." ಅಂತ ಅಂದು ನಿಂತೆ. ಹುಡುಗಿ ಮುಖದಲ್ಲಿ ನಗು ಹೋಯ್ತು.

ಮೂರು ದಿನ ಆದ ಮೇಲೆ ಫೋನು ಬಂತು. ಅಜ್ಜೀನ ಕೊಳ್ಳೇಗಾಲದ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಇನ್ನೊಂದು ಸಲ ನೋಡಬೇಕು. ಸೊಸೆ ಫೋನು ಇಟ್ಟು ನನ್ನ ಕಡೆ ನೋಡಲಿಲ್ಲ. ಬಾಯಿಪಾಠ ಮಾಡಿದ್ದಕ್ಕೆ ಹಂಗಾಯ್ತು ಅಂತ ಒಂದು ಸಲ ಅನ್ನಿಸೋದು. ಸರಿಯಾಗಿರೋ ತಲೆಯಾಗಿದ್ರೆ ಹೊಸ ಐದನ್ನೂ ಹಿಡೀಬೇಕಿತ್ತಲ್ಲ ಅಂತ ಇನ್ನೊಂದು ಸಲ. ನನ್ನ ತಲೆ ಕೆಟ್ಟಿದೆಯೋ ಇಲ್ಲವೋ ಅಂತ ನಂಗೇ ಗೊತ್ತಾಗದಂಗೆ ನಾನೇ ಮಾಡ್ಕೊಂಡಿದ್ದೆ.

ಬಸ್ಸಲ್ಲಿ ಸೊಸೆ ಕಿಟಕಿ ಪಕ್ಕ ಕೂರಿಸಿದಳು. ಸಣ್ಣ ಮಕ್ಕಳ ಕೈ ಹಿಡಿದಂಗೆ ಕೈ ಹಿಡಿದು ಇಳಿಸಿದಳು. ಕೈ ಬಿಡೇ ಅಂದೆ. ಬಿಡಲಿಲ್ಲ.

ಅಲ್ಲಿ ಅದೇ ಹುಡುಗಿ. ಸೊಸೇನ ಹೊರಗೆ ಕೂರಿಸಿ ಬಾಗಿಲು ಹಾಕಿದಳು. ಅವಳು ಕಾಗದ ತೆಗೆಯೋಕೆ ಮುಂಚೆ ಹೇಳಿಬಿಟ್ಟೆ. "ಮಗ, ಅವತ್ತು ನಾನು ಕದ್ದು ಕಲ್ತು ಬಂದಿದ್ದೆ. ನಲ್ಲಿ ಹತ್ರ ಯೋಳ್ಕೊಟ್ರು. ನೀನು ಬ್ಯಾರೆ ಕೇಳಿದೆ."

ಹುಡುಗಿ ಪೆನ್ನು ಕೆಳಗಿಟ್ಟಳು. "ಅಯ್ಯೋ ಅಜ್ಜಿ! ನಿಮ್ಮೂರಲ್ಲಿ ಎಷ್ಟು ಜನ ಹಿಂಗೆ ಕಲಿತು ಬಂದ್ರು?"

"ಎಲ್ಲಾರೂ ಕಣವ್ವ."

ಅವಳು ಹಣೆ ಒತ್ಕೊಂಡಳು. ಪದದ ಪಟ್ಟಿ ಮೂರ್ನಾಲ್ಕು ಇರುತ್ತಂತೆ, ದಿನಕ್ಕೊಂದು ಕೇಳ್ತಾರಂತೆ. ಈ ಪರೀಕ್ಷೆ ಓದಿದವರಿಗೆ ಅಂತ ಮಾಡಿದ್ದಂತೆ. ಹೊಲ, ಗದ್ದೆ, ಹುಳ ನೋಡ್ಕೊಂಡಿರೋರ ನೆನಪು ಅಳೆಯೋಕೆ ಇದು ಸರಿಯಾಗುತ್ತಾ ಅಂತ ಪರೀಕ್ಷೆಯನ್ನೇ ಪರೀಕ್ಷೆ ಮಾಡ್ತಾ ಇದ್ದಾರಂತೆ. ಪಾಸು ಫೇಲು ಏನಿಲ್ಲವಂತೆ. "ಬಾಯಿಪಾಠ ಮಾಡಿ ಬಂದ್ರೆ ಕಾಯಿಲೆ ಇದ್ದೋರೂ ಗೊತ್ತಾಗಲ್ಲ, ಇಲ್ಲದೋರೂ ಗೊತ್ತಾಗಲ್ಲ ಅಜ್ಜಿ," ಅಂದಳು.

"ನಂಗೆ ಗೊತ್ತಾಗ್ಬೇಕು," ಅಂದೆ. "ಈಗ ಕೇಳು. ಏನೂ ಕಲ್ತು ಬಂದಿಲ್ಲ."

ಹೊಸ ಐದು ಪದ ಹೇಳಿದಳು. ಲೆಕ್ಕ ಕೇಳಿದಳು, ಪ್ರಾಣಿಗಳ ಹೆಸರು ಕೇಳಿದಳು, ಆನೆಯಿಂದ ಹಿಡಿದು ನಾನು ನಿಲ್ಲಿಸಲೇ ಇಲ್ಲ. ಆಮೇಲೆ ಐದು ಪದ ಕೇಳಿದಳು. ಹಾಲು, ಬಾಗಿಲು, ಸೂಜಿ, ಬಿಳಿ. ಐದನೇದು ಬರಲಿಲ್ಲ. ಕಣ್ಣು ಮುಚ್ಚಿದೆ. ಪದ ಇದ್ದ ಜಾಗ ಇತ್ತು, ಪದ ಇರಲಿಲ್ಲ. ಅಷ್ಟು ಹೆದರಿಕೆ ನಂಗೆ ಹೆರಿಗೇಲೂ ಆಗಿರಲಿಲ್ಲ.

"ಈ ವಯಸ್ಸಿಗೆ ಒಂದು ಮರೆಯೋದು ದೊಡ್ಡದಲ್ಲ ಅಜ್ಜಿ. ಆದ್ರೆ ಏನೂ ಇಲ್ಲ ಅಂತ್ಲೂ ಈಗ್ಲೇ ಹೇಳಕ್ಕಾಗಲ್ಲ. ಒಂದು ವರ್ಷ ಬಿಟ್ಟು ಮತ್ತೆ ನೋಡೋಣ," ಅಂದಳು. ಆ ಐದನೇ ಪದಾನ ಅವಳೇ ಹೇಳಿಕೊಟ್ಟಳು. ಬಸ್ ಇಳಿಯೋ ಹೊತ್ತಿಗೆ ಅದು ಮತ್ತೆ ಹೋಗಿತ್ತು.

ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಸೊಸೇನ ಹುಳದ ಮನೆಗೆ ಕರೆದೆ. ಹುಳ ಗೂಡು ಕಟ್ಟೋಕೆ ಇನ್ನು ಒಂದೋ ಎರಡೋ ದಿನ, ಕೆಲವು ಆಗಲೇ ಹಣ್ಣಾಗಿ ತಯಾರಾಗಿದ್ವು. ಯಾವ ಹುಳ ಹಣ್ಣಾಗಿದೆ, ಯಾವುದು ಆಗಿಲ್ಲ ಅಂತ ನಲವತ್ತು ವರ್ಷದಿಂದ ನಾನೊಬ್ಬಳೇ ಆರಿಸ್ತಿದ್ದೆ. ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟರೆ ಈ ಮನೇಲಿ ನನ್ನ ಬೆಲೆ ಹೋಗುತ್ತೆ ಅಂತ ಲೆಕ್ಕ ಇತ್ತು, ಅದನ್ನ ಮುಚ್ಚಿಡೋದೇನು.

"ಇಲ್ನೋಡು ಕಣಮ್ಮಿ. ಸೊಪ್ಪು ಬುಟ್ಟು ಅಂಚಿಗೆ ಬಂದದೆ. ಕತ್ತು ನೋಡು, ಬೆಳಕು ತೂರ್ತದೆ. ಇದು ಹಣ್ಣು. ಅದು ಅಲ್ಲ, ಅದಿನ್ನೂ ತಿನ್ತದೆ."

"ಈಗ್ಯಾಕತ್ತೆ ಇದೆಲ್ಲ? ನೀವೇ ಆರಿಸ್ತೀರಲ್ಲ."

"ಡಾಕ್ಟ್ರು ಒಂದು ವರ್ಷ ಅಂದವ್ರೆ. ಒಂದು ವರ್ಷ ನಾನು ಕಾಯಕ್ಕಾಗಲ್ಲ."

"ಅವಳು ಡಾಕ್ಟ್ರಲ್ಲ ಅತ್ತೆ."

"ಯಾವಳಾದ್ರೂ ಆಗ್ಲಿ. ಆರಿಸು."

ಸೊಸೆ ಒಂದು ಹುಳ ಎತ್ತಿ ಅಂಗೈ ಮೇಲೆ ಇಟ್ಕೊಂಡು ತೋರಿಸಿದಳು. ಅದು ಇನ್ನೂ ಹಣ್ಣಾಗಿರಲಿಲ್ಲ. ತಪ್ಪು, ವಾಪಸ್ ಬುಡು, ಇನ್ನೊಂದು ತಗಿ ಅಂದೆ.