ಕೈ ಎತ್ತದ ಅತ್ತಿಗೆ

ನಮ್ಮ ಅತ್ತಿಗೆ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ನಾನು ಅಲ್ಲೇ ಒಗೆಯುವ ಮೆಷಿನ್ನಿನವನು. ಅಕ್ಷರ ದುಂಡಗಿದೆ ಅಂತ ಕೆಲಸಗಾರರ ಸಂಘದ ನಡಾವಳಿ ಪುಸ್ತಕವನ್ನು ಹದಿನೆಂಟು ವರ್ಷದಿಂದ ಅವರೇ ಬರೆಯುವುದು. ಪ್ರತಿ ಠರಾವಿನ ಕೊನೆಗೂ ಒಂದು ಇಂಗ್ಲಿಷ್ ಪದ: ಯುನಾನಿಮಸ್ಲಿ. ಹಿಂದಿನ ಕಾರ್ಯದರ್ಶಿ ಬರೆಯುತ್ತಿದ್ದ, ಇವರೂ ಬರೆದರು.

ಹೋದ ವರ್ಷ ಡ್ರೈಯರ್ ನೋಡಿಕೊಳ್ಳುವ ಮುದುಕ ಮೈಮರೆತು ಆಸ್ಪತ್ರೆಯ ಮುನ್ನೂರು ಬೆಡ್‌ಶೀಟು ಬಿಸಿಗೆ ಕಂದಿಹೋದವು. ಅವನ ಪಿಂಚಣಿಗೆ ಇನ್ನೆರಡೇ ವರ್ಷ. ಮಾಲೀಕ ಅವನನ್ನು ಕೆಲಸದಿಂದ ತೆಗೆಯಬೇಕೆಂದ. ಆದರೆ ಸಂಘದ ಜೊತೆಗಿನ ಕರಾರಿನ ಪ್ರಕಾರ, ಸಂಘ ಯುನಾನಿಮಸ್ಲಿ ಒಪ್ಪಿದರೆ ಮಾತ್ರ ಒಬ್ಬನನ್ನು ತೆಗೆಯಬಹುದು.

ಅತ್ತಿಗೆ, ಪರದೆ ಒಗೆಸಲು ಬಂದ ನಿವೃತ್ತ ಮೇಷ್ಟ್ರನ್ನು ಹಿಡಿದು ಕೂರಿಸಿ ಆ ಪದದ ಅರ್ಥ ಕೇಳಿದರು.

"ಮೂಲ ಲ್ಯಾಟಿನ್ ಕಣಮ್ಮ. ಊನಸ್ ಅಂದ್ರೆ ಒಂದು, ಅನಿಮಸ್ ಅಂದ್ರೆ ಮನಸ್ಸು. ಎಲ್ಲರೂ ಒಂದೇ ಮನಸ್ಸಿಂದ ಅಂತ."

"ಒಬ್ರು ಒಲ್ಲೆ ಅಂದ್ರೆ?"

"ಬಹುಮತ ಅಂತ ಬರಿ. ಈ ಪದ ಹಾಕಿದ್ರೆ ಶುದ್ಧ ಸುಳ್ಳು."

ಊಟದ ಬಿಡುವಿನಲ್ಲಿ ಬಟ್ಟೆ ಮಡಿಚುವ ಮೇಜಿನ ಸುತ್ತ ಸಭೆ ಸೇರಿತು. ಮುದುಕನನ್ನು ಹೊರಗೆ ಕೂರಿಸಿದ್ದರು. ಅವನನ್ನು ತೆಗೆಯಲು ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷ ಎಣಿಸಿದ.

"ಮೂವತ್ತೆರಡೂ ಕೈ ಮೇಲಿದೆ. ಬರ್ಕೊಳಮ್ಮ, ಯುನಾನಿಮಸ್ಲಿ."

"ನನ್ ಕೈ ಎಲ್ಲಿ ಮೇಲಿದೆ?"

"ನೀವು ಬರೆಯೋರು. ನಿಮ್ಮನ್ನ ಯಾರು ಕೇಳಿದ್ರು?"

"ಹದಿನೆಂಟು ವರ್ಷದಿಂದ ಯಾರೂ ಕೇಳಿಲ್ಲ. ಕೈಯಲ್ಲಿ ಪೆನ್ನಿತ್ತು, ನಾನೂ ಸುಮ್ನಿದ್ದೆ. ಸದಸ್ಯರ ಪಟ್ಟಿಯಲ್ಲಿ ಏಳನೇ ಹೆಸರು ನಂದೇ. ಆ ಡ್ರೈಯರಿನಲ್ಲಿ ಹೊತ್ತಾಯ್ತು ಅಂತ ಹೊಡೆಯೋ ಬೆಲ್ಲು ಕೆಟ್ಟು ಮೂರು ತಿಂಗಳಾಯ್ತು. ರಿಪೇರಿ ಮಾಡಿಸಿ ಅಂತ ನಾವೇ ಠರಾವು ಮಾಡಿದ್ವಿ. ಈಗ ಮುದುಕನ್ನ ಮನೆಗೆ ಕಳಿಸೋದಾ? ನಾನೊಲ್ಲೆ."

ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸಿಟ್ಟು ನೆತ್ತಿಗೇರಿತು. "ಅತ್ತಿಗೆ, ಬಾಯ್ಮುಚ್ಕೊಂಡು ಬರೀರಿ! ಆ ಶೀಟೆಲ್ಲ ಒಗೆದೋನು ನಾನು."

"ಒಗೆದಿದ್ದು ಮೆಷಿನ್ನು ಕಣಯ್ಯ. ನೀನು ಗುಂಡಿ ಒತ್ತಿದ್ದು."

ಎಲ್ಲರೂ ಘೊಳ್ಳೆಂದರು. ಅತ್ತಿಗೆ ತಲೆ ತಗ್ಗಿಸಿ ಬರೆದರು: ಪರ ಮೂವತ್ತೆರಡು, ವಿರೋಧ ಒಂದು. ಕೆಳಗೆ ತಮ್ಮ ಸಹಿ.

ಮಾಲೀಕ ಪುಸ್ತಕ ಓದಿ ಟೇಬಲ್ಲಿನ ಮೇಲೆ ಎಸೆದನಂತೆ. ಮುದುಕನನ್ನು ತೆಗೆಯುವ ಹಾಗಿರಲಿಲ್ಲ. ವಾರದೊಳಗೆ ಬೆಲ್ಲು ರಿಪೇರಿಯಾಯಿತು. ಹದಿನೈದು ದಿನ ನಾನು ಅತ್ತಿಗೆಯನ್ನು ಮಾತಾಡಿಸಲಿಲ್ಲ. ಅವರು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ.

ಮುದುಕ ಡ್ರೈಯರಿನ ಮುಂದೆಯೇ ಇದ್ದಾನೆ. ಒಗೆದ ಬಟ್ಟೆ ನಾನು ಕೊಡುವಾಗ ನನ್ನ ಮುಖ ನೋಡುವುದಿಲ್ಲ. ನೋಡೆಂದು ಹೇಳುವ ಮುಖವೂ ನನಗಿಲ್ಲ. ಅವನ ಪಿಂಚಣಿಗೆ ಇನ್ನು ಹನ್ನೊಂದು ತಿಂಗಳಿದೆ.