ಗೋಡೆಯೊಳಗಿನ ಕೂದಲು

ನನ್ನ ಗಂಡನಿಗೆ ಉಪ್ಪಿನಂಗಡಿಯಲ್ಲಿ ಆಡಿನ ಮಾಂಸದ ಅಂಗಡಿ ಇತ್ತು. ತಲೆ, ಕಾಲು ಮನೆಗೆ ಬರುತ್ತಿತ್ತು. ಬೆಂಕಿಯಲ್ಲಿ ಸುಟ್ಟು ಅವುಗಳ ಕೂದಲು ತೆಗೆಯುವುದು ನನ್ನ ಕೆಲಸ. ಅವರು ತೀರಿಹೋದ ಮೇಲೆ ಅಂಗಡಿ ಮೈದುನನ ಕೈಗೆ ಹೋಯಿತು. ತಲೆ, ಕಾಲು ಮಾತ್ರ ನನ್ನ ಬಳಿಗೇ ಬರುತ್ತಿತ್ತು. ನನಗೆ ಅಳು ಬರಲಿಲ್ಲ. ನೋಡಲು ಬಂದವರು ಅದಕ್ಕೂ ಏನೋ ಹೇಳಿದರು.

ಕಡಬದ ಹತ್ತಿರ, ಕೇರಳದಿಂದ ಬಂದು ನೆಲೆಸಿದವರ ಮನೆಯ ಹೆಂಗಸೊಬ್ಬಳು ಹಳೆಯ ರಬ್ಬರ್ ಶೆಡ್ಡಿನಲ್ಲಿ ಮಣ್ಣಿನ ಗಾರೆ ಮಾಡಿ ಚೀಲದಲ್ಲಿ ಮಾರುತ್ತಿದ್ದಳು. ಸಿಮೆಂಟ್ ಬೇಡ ಎನ್ನುವವರು ಅದನ್ನು ಗೋಡೆಗೆ ಹಚ್ಚಿಸುತ್ತಾರೆ. ಮಣ್ಣು, ಸುಣ್ಣ, ಆಡಿನ ಕೂದಲು. ಕೂದಲು ಇದ್ದರೆ ಗೋಡೆ ಒಣಗುವಾಗ ಬಿರುಕು ಬಿಡುವುದಿಲ್ಲ. ಅಂಗಡಿಗೆ ಕೂದಲು ಕೇಳಿಕೊಂಡು ಬಂದವಳು ನನಗೆ, ಸುಡಬೇಡಿ, ಬಿಸಿನೀರು ಹೊಯ್ದು ಕೆರೆದು ಕೊಡಿ ಎಂದಳು. ಕೆರೆದೆ. ಅಂಟುವಾಳದ ನೊರೆಯಲ್ಲಿ ತೊಳೆದು ಒಣಗಿಸಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗುವುದಿಲ್ಲ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಆರಾಮಾಗಿತ್ತು.

ಶೆಡ್ಡಿನಲ್ಲಿ ಕೂತು ಕೂದಲನ್ನು ಬೆರಳುದ್ದಕ್ಕೆ ಕತ್ತರಿಸಿ, ಗಂಟು ಬಿಡಿಸುವುದು. ಆಗ ಎಂತದೂ ತಲೆಗೆ ಬರುವುದಿಲ್ಲ. ನನಗೆ ಬೇಕಾದದ್ದು ಅದೇ. ಆ ಕೆಲಸ ಹೋದರೆ ಹಗಲನ್ನು ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಬೆಳ್ಳಾರೆಯ ಒಬ್ಬರು ಮೇಷ್ಟ್ರು ಹೊಸ ಮನೆಗೆ ಈ ಗಾರೆ ಹಚ್ಚಿಸಿದರು. ಮಾಂಸ ತಿನ್ನದ ಮನೆ. ದೇವರ ಕೋಣೆಯ ಗೋಡೆಯಲ್ಲಿ ಕೂದಲು ಕಂಡು ಶೆಡ್ಡಿಗೆ ಬಂದರು. ಅವರು ಜೀಪಿನಿಂದ ಇಳಿಯುವಾಗಲೇ ಗಾರೆಯವಳು ನನ್ನ ಹತ್ತಿರ ಬಗ್ಗಿ, ಜೀವ ಇರುವ ಆಡಿನಿಂದ ಕತ್ತರಿಸಿದ್ದು ಎನ್ನಿ, ಇಲ್ಲದಿದ್ದರೆ ನನಗೂ ವ್ಯಾಪಾರ ಇಲ್ಲ, ನಿಮಗೂ ಕೆಲಸ ಇಲ್ಲ ಎಂದಳು.

ಮೇಷ್ಟ್ರು ನನ್ನನ್ನೇ ಕೇಳಿದರು. "ಇದು ಜೀವ ಇರುವ ಆಡಿನಿಂದ ಕತ್ತರಿಸಿದ್ದಾ ಅಮ್ಮ, ಅಲ್ಲ ಕಡಿದ ಆಡಿನದ್ದಾ?"

"ಕಡಿದದ್ದು. ತಲೆಯದ್ದು, ಕಾಲಿನದ್ದು."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಒಂದು ಸುಳ್ಳಾದರೂ ಹೇಳ್ಬಹುದಿತ್ತಲ್ಲ ಮಾರಾಯ್ರೆ."

"ಹೇಳ್ಬಹುದಿತ್ತು. ನಾಳೆ ನೀವು ಆ ಆಡು ನೋಡ್ಬೇಕು ಅಂತ ಬಂದರೆ ಎಂತ ತೋರಿಸುದು?"

ಧೈರ್ಯದಿಂದ ಹೇಳಿದ್ದಲ್ಲ. ಸುಳ್ಳು ಹೇಳಿ ಅದನ್ನು ನೆನಪಿಟ್ಟುಕೊಳ್ಳಲು ನನ್ನಿಂದಾಗುವುದಿಲ್ಲ.

ದೇವರ ಕೋಣೆಯ ಗಾರೆ ಕೆರೆಸಿ ಬರೀ ಮಣ್ಣು ಹಚ್ಚಿಸಿದರಂತೆ. ಉಳಿದ ಕೋಣೆಗಳನ್ನು ಅವರ ಹೆಂಡತಿ ಮುಟ್ಟಲು ಬಿಡಲಿಲ್ಲವಂತೆ. ಗಾರೆಯವಳು ನನಗೆ ಇನ್ನು ಬರಬೇಡಿ ಎಂದಳು. ನಾನು ಪುನಃ ತಲೆ, ಕಾಲು ಸುಡಲು ಕೂತೆ. ಮಧ್ಯಾಹ್ನದೊಳಗೆ ಅದು ಮುಗಿಯುತ್ತಿತ್ತು. ಆಮೇಲೆ ಗೋಡೆ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಅವಳೇ ಮನೆಗೆ ಬಂದಳು. ದೇವರ ಕೋಣೆಯ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿದೆಯಂತೆ, ಅಡುಗೆಮನೆಯದ್ದು ಹಾಗೆಯೇ ಇದೆಯಂತೆ. ಜೀವ ಇರುವ ಆಡಿನಿಂದ ಕತ್ತರಿಸಿದ ಕೂದಲು ಸಿಕ್ಕಿದರೆ ಹಚ್ಚಬಹುದು ಎಂದಿದ್ದಾರಂತೆ ಮೇಷ್ಟ್ರು. ಅವಳು ಉದ್ದ ಕೂದಲಿನ ಆಡು ಸಾಕುವವರನ್ನು ಹುಡುಕಿಯೂ ಆಗಿತ್ತು.

"ಮತ್ತೆ ನಾನು ಯಾಕೆ?" ಎಂದೆ.

"ಆ ಅಮ್ಮ ಹೇಳಿದರೆ ಮಾತ್ರ ನಂಬುದು ಅಂತಾರೆ ಮೇಷ್ಟ್ರು. ಬನ್ನಿ."

ಹೋದೆ. ಈಗ ನನ್ನ ಎದುರು ಎರಡು ಗೋಣಿ, ಕಡಿದದ್ದು ಒಂದು, ಕತ್ತರಿಸಿದ್ದು ಒಂದು. ಕೇಳಿದವರಿಗೆ ಯಾವುದು ಯಾವುದೆಂದು ಹೇಳುತ್ತೇನೆ. ಗಂಟು ಎರಡರಲ್ಲೂ ಇರುತ್ತದೆ. ಸಂಜೆ ಬಸ್ಸು ಬರುವವರೆಗೆ ಬಿಡಿಸುತ್ತೇನೆ.